ರಾಯರ ಮುಷ್ಟಿಯುದ್ಧ

ವಯಸ್ಸಾದ ಮೇಲೆ ಮನುಷ್ಯನಿಗೆ ಎರಡು ಬಗೆಯ ಶಾಂತಿ ದೊರೆಯಬೇಕು. ಸಂಸಾರದ ಹೊಣೆಯನ್ನೆಲ್ಲ ಮಕ್ಕಳಿಗೆ ಒಪ್ಪಿಸಿದಾಗ ಬರುವುದು ಒಂದು. ಆ ಮಕ್ಕಳು ಕೊಂಡು ತರುವ ವಸ್ತುಗಳ ಬೆಲೆಯನ್ನು ಕೇಳದೆ ಇರುವುದರಿಂದ ಬರುವುದು ಇನ್ನೊಂದು. ಮೊದಲನೆಯದನ್ನು ರಾಯರು 2013ರಲ್ಲಿ, ಪೀಣ್ಯದ ಕಾರ್ಖಾನೆಯಿಂದ ನಿವೃತ್ತರಾದ ದಿನವೇ ಸಾಧಿಸಿದ್ದರು. ಎರಡನೆಯದು ಮಾತ್ರ ಇನ್ನೂ ಕೈಗೂಡಿರಲಿಲ್ಲ. ಆದುದರಿಂದಲೇ 2024ರ ಜನವರಿ 26ರ ಮಧ್ಯಾಹ್ನ, ಮಗನು ಒಂದು ತೆಳುವಾದ ಪೆಟ್ಟಿಗೆಯನ್ನು ಹಿಡಿದು ಮನೆಯೊಳಕ್ಕೆ ಬಂದಾಗ, ಅವರ ಬಾಯಿಂದ ಹೊರಟ ಮೊದಲ ಮಾತು, “ಎಷ್ಟಾಯಿತು?” ಎಂಬುದು.

ಮಗ ಬೆಲೆ ಹೇಳಿದ. ಒಳಗಿನಿಂದ ರಾಯರ ಪತ್ನಿ, “ಅಷ್ಟರಲ್ಲಿ ತಿಂಗಳ ದಿನಸಿ ಬರುತ್ತಿತ್ತಲ್ಲೋ!” ಎಂದರು. ಸೊಸೆ ಏನೂ ಹೇಳಲಿಲ್ಲ. ಅವಳಿಗೆ ಬೆಲೆ ಮೊದಲೇ ಗೊತ್ತಿತ್ತು.

ರಾಯದಂಪತಿಗಳ ವಾಸ ದಾಸರಹಳ್ಳಿಯಲ್ಲಿ. ಮಗನ ಮನೆ ವೈಟ್‌ಫೀಲ್ಡಿನಲ್ಲಿ. ಒಂದು ನಗರದ ವಾಯವ್ಯದ ಅಂಚು, ಮತ್ತೊಂದು ಪೂರ್ವದ ಅಂಚು. ಒಂದೇ ಊರಿನಲ್ಲಿದ್ದೂ ತಂದೆಮಕ್ಕಳು ಎರಡು ಊರುಗಳವರಂತೆ ಬಾಳಿದ್ದರು. ಪೀಣ್ಯವೆಂದರೆ ಲೇತಿನ ಸದ್ದು, ಎಣ್ಣೆಯ ವಾಸನೆ, ಬೆಳಗಿನ ಪಾಳಿಯ ಸೈರನ್ನು. ವೈಟ್‌ಫೀಲ್ಡು 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ನರ ನೆಲೆವೀಡಾಗಿ ಆರಂಭವಾಗಿ, ಈಗ ಗಾಜಿನ ಗೋಡೆಗಳ ಕಚೇರಿಗಳ ಬೀಡಾಗಿರುವ ಸ್ಥಳ. ಅಲ್ಲಿ ಯಂತ್ರಗಳು ಸದ್ದು ಮಾಡುವುದಿಲ್ಲ. 2023ರ ಅಕ್ಟೋಬರಿನಲ್ಲಿ ಮೆಟ್ರೋ ರೈಲಿನ ನೇರಳೆ ಮಾರ್ಗವು ಪೂರ್ಣವಾಗಿ ತೆರೆದ ಮೇಲೆಯೇ ಈ ಎರಡು ಊರುಗಳು ಸ್ವಲ್ಪ ಹತ್ತಿರವಾದದ್ದು. ದಾಸರಹಳ್ಳಿಯಲ್ಲಿ ಹಸಿರು ಮಾರ್ಗದ ಗಾಡಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಕಾಡುಗೋಡಿಯಲ್ಲಿ ಇಳಿದರಾಯಿತು. ಗಣರಾಜ್ಯೋತ್ಸವ ಶುಕ್ರವಾರ ಬಂದದ್ದರಿಂದ ಮೂರು ದಿನಗಳ ರಜೆ. ಒಂದು ವಾರ ಇದ್ದು ಹೋಗೋಣವೆಂದು ದಂಪತಿಗಳು ಹುಳಿಪುಡಿ, ಸಾರಿನಪುಡಿಗಳ ಡಬ್ಬಿಗಳೊಡನೆ ಬಂದಿದ್ದರು.

ಪೆಟ್ಟಿಗೆಯಲ್ಲಿದ್ದುದು ‘ಟೆಕ್ಕೆನ್ 8’ ಎಂಬ ವಿಡಿಯೋ ಆಟ. ಲೋಕಕ್ಕೆಲ್ಲ ಅದು ಬಿಡುಗಡೆಯಾದದ್ದು ಅಂದೇ. ಜಪಾನೀ ಭಾಷೆಯ ಆ ಹೆಸರಿಗೆ ‘ಕಬ್ಬಿಣದ ಮುಷ್ಟಿ’ ಎಂದು ಅರ್ಥ. ಮೊದಲನೆಯ ಟೆಕ್ಕೆನ್ ನಾಣ್ಯ ಹಾಕಿ ಆಡುವ ಯಂತ್ರವಾಗಿ 1994ರಲ್ಲಿ ಹುಟ್ಟಿ, ಮರುವರ್ಷ ಪ್ಲೇಸ್ಟೇಷನ್ ಮೂಲಕ ಮನೆಗಳನ್ನು ಹೊಕ್ಕಿತು. ಏಳನೆಯದು ಮನೆಗಳಿಗೆ ಬಂದದ್ದು 2017ರಲ್ಲಿ. ಆಮೇಲೆ ಏಳು ವರ್ಷ ಕಾಯಿಸಿ ಎಂಟನೆಯದು ಬಂದಿತ್ತು. ಕಾದವರಲ್ಲಿ ಮೂವತ್ತೆಂಟು ವರ್ಷದ ಈ ಮಗನೂ ಒಬ್ಬ.

ಹೆಸರು ಪರದೆಯ ಮೇಲೆ ಮೂಡಿದಾಗ ರಾಯರು ಕನ್ನಡಕವನ್ನು ಒರೆಸಿಕೊಂಡರು. ಆ ಹೆಸರನ್ನು ಅವರು ಹಿಂದೊಮ್ಮೆ ಓದಿದ್ದರು.

ಅದು 1999. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ತೆಳುವಾಗಿ ಪಾಳಿಗಳನ್ನು ಕಡಿತ ಮಾಡಿದ್ದ ವರ್ಷ. ಹದಿಮೂರು ವರ್ಷದ ಹುಡುಗ ಗಣಿತದ ಪಾಠಕ್ಕೆಂದು ಹೊರಟವನು ಎರಡು ಬೀದಿಗಳಾಚೆಯ ಒಂದು ಅಂಗಡಿಯಲ್ಲಿ, ಗಂಟೆಯ ಲೆಕ್ಕದಲ್ಲಿ ಹಣ ತೆತ್ತು, ಟೆಕ್ಕೆನ್ 3 ಆಡುತ್ತ ಕುಳಿತಿದ್ದ. ಬೇಗ ಬಿಟ್ಟ ಪಾಳಿಯಿಂದ ಬರುತ್ತಿದ್ದ ರಾಯರ ಕಣ್ಣಿಗೆ ಬಾಗಿಲಲ್ಲಿದ್ದ ಮಗನ ಚಪ್ಪಲಿ ಬಿತ್ತು. ಒಳಹೊಕ್ಕು, ಹುಡುಗನ ಕಿವಿ ಹಿಡಿದು ಎಬ್ಬಿಸಿ, ಹತ್ತು ಮಂದಿ ಹುಡುಗರ ಮುಂದೆ ಕೆನ್ನೆಗೆ ಎರಡು ಬಾರಿಸಿದರು. ಹುಡುಗ ಅಳಲಿಲ್ಲ. ಪರದೆಯ ಮೇಲೆ ಅವನ ಕಟ್ಟಾಳು ಆಡಿಸುವವರಿಲ್ಲದೆ ನಿಂತು ಪೆಟ್ಟು ತಿನ್ನುತ್ತಿದ್ದುದನ್ನು ರಾಯರೂ ನೋಡಿದ್ದರು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಮಾರನೆಯ ದಿನ ಗಣಿತದ ಪಾಠ ನಡೆಯಿತು. ಆ ವಿಷಯ ಮಾತ್ರ ಮತ್ತೆಂದೂ ಆ ಮನೆಯಲ್ಲಿ ಬರಲಿಲ್ಲ. ಹುಡುಗ ಓದಿದ, ಇಂಜಿನಿಯರಾದ, ದೊಡ್ಡ ಸಂಬಳ ತಂದ. ಎಲ್ಲವೂ ಸರಿಹೋಯಿತೆಂದು ಎಲ್ಲರೂ ಹೇಳಿದರು.

“ತಾತ, ನೀವೂ ಆಡಿ,” ಎಂದು ಹನ್ನೊಂದು ವರ್ಷದ ಮೊಮ್ಮಗ ಕಂಟ್ರೋಲರನ್ನು ಅವರ ಮಡಿಲಿಗೆ ಹಾಕಿದ. ಅದು ಕೈಯಲ್ಲಿ ಗುರ್ರೆಂದಿತು. ರಾಯರು ಬೆಚ್ಚಿದುದನ್ನು ಕಂಡು ಮನೆಯವರೆಲ್ಲ ನಕ್ಕರು.

ಆಡುವ ಮೊದಲು ಕಥೆ ಗೊತ್ತಿರಬೇಕೆಂಬುದು ರಾಯರ ನಿಯಮ. ಮಗ ಹೇಳಿದ: ಹೈಹಾಚಿ ಎಂಬ ತಂದೆ ತನ್ನ ಐದು ವರ್ಷದ ಮಗ ಕಜುಯಾನನ್ನು ಬೆಟ್ಟದ ಮೇಲಿಂದ ಎಸೆಯುತ್ತಾನೆ. ಬದುಕಿ ಬೆಳೆದ ಮಗ ತಂದೆಯನ್ನು ಅದೇ ರೀತಿ ಎಸೆಯುತ್ತಾನೆ. ತಂದೆ ಮತ್ತೆ ಬರುತ್ತಾನೆ. ಏಳನೆಯ ಭಾಗದಲ್ಲಿ ಮಗ ತಂದೆಯನ್ನು ಕುದಿಯುವ ಲಾವಾರಸಕ್ಕೆ ನೂಕುತ್ತಾನೆ. ಈ ಎಂಟನೆಯದರಲ್ಲಿ ಆ ಕಜುಯಾನಿಗೂ ಅವನ ಮಗ ಜಿನ್‌ಗೂ ಕಾಳಗ.

“ಮೂರು ತಲೆಮಾರೂ ಇದೇ ಕೆಲಸವೇ?” ಎಂದರು ರಾಯರು. “ನಾಲ್ಕು, ಅಪ್ಪ. ಮುತ್ತಜ್ಜನೂ ಒಬ್ಬನಿದ್ದ,” ಎಂದ ಮಗ.

ರಾಯರಿಗೆ ಬಭ್ರುವಾಹನನ ನೆನಪಾಯಿತು. 1977ರಲ್ಲಿ, ಹಳ್ಳಿಯಿಂದ ಬೆಂಗಳೂರಿಗೆ ಹೊಸದಾಗಿ ಬಂದಿದ್ದಾಗ, ರಾಜಕುಮಾರರು ಅರ್ಜುನನೂ ಬಭ್ರುವಾಹನನೂ ಆಗಿ ಎರಡು ಪಾತ್ರಗಳಲ್ಲಿ ನಟಿಸಿದ್ದ ಚಿತ್ರವನ್ನು ಅವರು ಮೂರು ಸಲ ನೋಡಿದ್ದರು. ಅದಕ್ಕೂ ಮುನ್ನ ಲಕ್ಷ್ಮೀಶನ ಜೈಮಿನಿ ಭಾರತವನ್ನು ಊರ ದೇವಸ್ಥಾನದ ಜಗುಲಿಯಲ್ಲಿ ಕೇಳಿದ್ದರು. ಅಲ್ಲಿಯೂ ತಂದೆಮಕ್ಕಳ ಯುದ್ಧವೇ. ಆದರೆ ಆ ಮಗ ಮೊದಲು ಕಾಣಿಕೆ ಹಿಡಿದು, ಕೈಮುಗಿದು ಬರುತ್ತಾನೆ. ತಂದೆ ಹತ್ತು ಜನರೆದುರು ಅವನನ್ನು ಹೀನಾಯವಾಗಿ ಜರೆದ ಮೇಲೆ ಬಿಲ್ಲು ಹಿಡಿಯುತ್ತಾನೆ. ಕೊನೆಯಲ್ಲಿ ಸತ್ತ ಅರ್ಜುನನನ್ನು ಬದುಕಿಸಲು ನಾಗಲೋಕದ ಮಣಿಯುಂಟು. “ಈ ಜಪಾನಿನವರ ಕಥೆಯಲ್ಲಿ ಮಣಿಯಿಲ್ಲವಲ್ಲ,” ಎಂದರು ರಾಯರು. ಹೇಳಿದ ಮೇಲೆ, ಹತ್ತು ಜನರೆದುರು ಎಂಬ ಮಾತು ಅವರ ಮನಸ್ಸಿನಲ್ಲಿಯೇ ಒಂದು ಕ್ಷಣ ತಡೆದು ನಿಂತಿತು.

ಚಿತ್ರದ ಸೊಬಗನ್ನು ಅವರು ಒಪ್ಪಿಕೊಳ್ಳಲೇಬೇಕಾಯಿತು. ಹೋರಾಟಗಾರರ ಹಣೆಯ ಬೆವರು, ಬಟ್ಟೆಯ ಹೊಲಿಗೆ, ಬಿದ್ದಾಗ ಒಡೆಯುವ ನೆಲದ ಕಲ್ಲು, ಎಲ್ಲವೂ ಕಾಣುತ್ತವೆ. ಆರಂಭದಲ್ಲಿಯೇ ಮೂವತ್ತೆರಡು ಮಂದಿ ಯೋಧರು. ಚಿರತೆಯಂಥ ಮುಖವಾಡ ತೊಟ್ಟ ಜಟ್ಟಿಯೊಬ್ಬ, ಉಕ್ಕಿನ ಯಂತ್ರಮಾನವನೊಬ್ಬ, ಒಂದು ಕರಡಿ. ಒಬ್ಬೊಬ್ಬರೂ ತಮ್ಮ ತಮ್ಮ ತಾಯ್ನುಡಿಯಲ್ಲಿ ಮಾತನಾಡುತ್ತಾರೆ. ಫ್ರಾನ್ಸಿನವನು ಫ್ರೆಂಚಿನಲ್ಲಿ, ಪೆರು ದೇಶದವಳು ಸ್ಪ್ಯಾನಿಷಿನಲ್ಲಿ. ಎದುರಾಳಿ ಜಪಾನೀಯಲ್ಲಿ ಉತ್ತರ ಕೊಟ್ಟರೂ ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ.

“ನಮ್ಮ ಕಡೆಯವರು ಯಾರೂ ಇಲ್ಲವೇ?” “ಇಲ್ಲ ಅಪ್ಪ. ಸ್ಟ್ರೀಟ್ ಫೈಟರ್ ಎಂಬ ಬೇರೆ ಆಟದಲ್ಲಿ 1991ರಿಂದಲೂ ಧಾಲ್ಸಿಮ್ ಎಂಬ ಭಾರತದ ಯೋಗಿಯೊಬ್ಬನಿದ್ದಾನೆ. ಕೈಕಾಲು ಉದ್ದ ಮಾಡಿ ಹೊಡೆಯುತ್ತಾನೆ.” “ಕರಡಿಗೂ ಅದರದೇ ಭಾಷೆಯುಂಟು, ಕನ್ನಡಕ್ಕಿಲ್ಲ,” ಎಂದು ರಾಯರು ನಿಟ್ಟುಸಿರುಬಿಟ್ಟರು. ಕೊನೆಗೆ ಅವರು ಆರಿಸಿಕೊಂಡದ್ದು ಅಸುಸೆನಾ ಎಂಬ ಪೆರು ದೇಶದ ತರುಣಿಯನ್ನು. ಅವಳದು ಕಾಫಿಯ ತೋಟವೆಂದು ಮೊಮ್ಮಗ ಹೇಳಿದ್ದೇ ಅದಕ್ಕೆ ಕಾರಣ. ಕಾಫಿ ಬೆಳೆಯುವವರು ಕೆಟ್ಟವರಿರಲಾರರೆಂದು ರಾಯರು ನಂಬಿದ್ದರು.

ಆಟದ ಒಳಗುಟ್ಟನ್ನು ಮಗ ವಿವರಿಸಿದ ರೀತಿ ಅವರಿಗೆ ಹಿಡಿಸಿತು. ನಾಲ್ಕು ಗುಂಡಿಗಳು, ನಾಲ್ಕು ಅವಯವಗಳು: ಚೌಕವೆಂದರೆ ಎಡಗೈ, ತ್ರಿಕೋನ ಬಲಗೈ, ಕತ್ತರಿ ಗುರುತು ಎಡಗಾಲು, ವೃತ್ತ ಬಲಗಾಲು. ಲೇತಿನ ಮುಂದೆ ನಿಲ್ಲುವವನಿಗೂ ಒಂದೊಂದು ಕೈಗೆ ಒಂದೊಂದು ಕೆಲಸವಿರುತ್ತದೆ. ಚಿತ್ರವು ಸೆಕೆಂಡಿಗೆ ಅರವತ್ತು ಸಲ ಬದಲಾಗುತ್ತದೆ. ಪ್ರತಿಯೊಂದು ಹೊಡೆತಕ್ಕೂ ಆ ಅರವತ್ತರಲ್ಲಿ ಇಂತಿಷ್ಟು ಎಂಬ ಲೆಕ್ಕವಿದೆ. ಅತಿ ವೇಗದ ಸಾಮಾನ್ಯ ಗುದ್ದಿಗೆ ಹತ್ತು. ಅಂದರೆ ಸೆಕೆಂಡಿನ ಆರನೆಯ ಒಂದು ಪಾಲು. ಅದನ್ನು ಕಂಡು ತಡೆಯುವುದು ಮನುಷ್ಯನ ಕಣ್ಣಿಗೆ ಸಾಧ್ಯವಿಲ್ಲ. ಬರುವುದೆಂದು ಊಹಿಸಿ ತಡೆಯಬೇಕು. ಮೂವತ್ತು ವರ್ಷ ಮೈಕ್ರೋಮೀಟರು ಹಿಡಿದು ಮಿಲಿಮೀಟರಿನ ನೂರರಲ್ಲೊಂದು ಪಾಲಿಗಾಗಿ ಜಗಳವಾಡಿದ್ದ ರಾಯರು, “ಹಾಗಾದರೆ ಇದು ಹುಡುಗಾಟವಲ್ಲ, ಅಳತೆಯ ಕೆಲಸ,” ಎಂದರು. ಮಗನ ಮುಖದಲ್ಲಿ ಏನೋ ಹಾದುಹೋಯಿತು. ಇದೇ ಮಾತಿಗಾಗಿ ಇಪ್ಪತ್ತೈದು ವರ್ಷ ಕಾದಿದ್ದವನಂತೆ ಅವನು ಪರದೆಯ ಕಡೆಗೆ ತಿರುಗಿಕೊಂಡ.

ಅಳತೆಯ ಕೆಲಸಕ್ಕೆ ದೇಶದ ಹಂಗಿಲ್ಲವೆಂಬುದಕ್ಕೆ ಅವನೇ ಒಂದು ಉದಾಹರಣೆ ಕೊಟ್ಟ. ಜಪಾನ್, ಕೊರಿಯಾಗಳವರೇ ಮೆರೆಯುತ್ತಿದ್ದ ಈ ಆಟದಲ್ಲಿ 2019ರಲ್ಲಿ ಲಾಹೋರಿನ ಅರ್ಸಲಾನ್ ಆಶ್ ಎಂಬ ತರುಣನು ಜಪಾನಿನಲ್ಲಿಯೂ ಅಮೆರಿಕೆಯ ಲಾಸ್ ವೇಗಾಸಿನಲ್ಲಿಯೂ ‘ಈವೋ’ ಎಂಬ ಮಹಾಪಂದ್ಯವನ್ನು ಒಂದೇ ವರ್ಷದಲ್ಲಿ ಗೆದ್ದನಂತೆ. ಅವನು ಪಳಗಿದ್ದು ತನ್ನ ಊರಿನ ಆಟದಂಗಡಿಗಳಲ್ಲಿ ಎಂದು ಮಗ ಹೇಳಿದ. ಆಟದಂಗಡಿ ಎಂಬ ಮಾತಿಗೆ ರಾಯರು ಏನೂ ಹೇಳಲಿಲ್ಲ.

ಆದರೆ ಹೊಸ ಆಟದ ಬಗೆಗೆ ಮನೆಯಲ್ಲಿ ಒಮ್ಮತವಿರಲಿಲ್ಲ. ಈ ಭಾಗದ ಹೊಸತೆಂದರೆ ‘ಹೀಟ್’ ಎಂಬ ಕಾವು. ಪ್ರತಿಯೊಂದು ಸುತ್ತಿನಲ್ಲಿ ಒಮ್ಮೆ ಆಟಗಾರನು ಕಾವೇರಿಸಿಕೊಳ್ಳಬಹುದು. ಸುಮಾರು ಹತ್ತು ಸೆಕೆಂಡು ಅವನ ಮೈ ಉರಿಯುತ್ತದೆ. ಆಗ ಎದುರಾಳಿ ಎಷ್ಟೇ ಚೆನ್ನಾಗಿ ತಡೆದರೂ ಅವನ ಶಕ್ತಿ ಚೂರುಚೂರಾಗಿ ಸವೆಯುತ್ತದೆ. ಹಾಗೆ ಸವೆದುದರಲ್ಲಿ ಒಂದಂಶ ಪಟ್ಟಿಯಲ್ಲಿ ಬೇರೆ ಬಣ್ಣದಲ್ಲಿ ಉಳಿದಿರುತ್ತದೆ. ಅದನ್ನು ಮರಳಿ ಪಡೆಯಬಹುದು. ಆದರೆ ಸುಮ್ಮನಿದ್ದರೆ ಬರುವುದಿಲ್ಲ. ತಿರುಗಿ ಹೊಡೆದರೆ ಮಾತ್ರ ಬರುತ್ತದೆ. ಮೊಮ್ಮಗನಿಗೆ ಇದು ಪರಮಾನಂದ. ಹಿಂದಿನ ಭಾಗಗಳಲ್ಲಿ ಹಿಂದೆ ಸರಿದು, ತಡೆದು, ಎದುರಾಳಿಯ ತಪ್ಪಿಗಾಗಿ ಕಾದು ಗೆಲ್ಲುತ್ತಿದ್ದ ಮಗನಿಗೆ ಅಸಮಾಧಾನ. “ತಾಳ್ಮೆಗೆ ಬೆಲೆಯಿಲ್ಲದಂತಾಯಿತು,” ಎಂದ. ರಾಯರು ತೀರ್ಪು ಕೊಟ್ಟರು: “ತಾಳಿದವನು ಬಾಳಿಯಾನು ಎಂಬುದನ್ನು ಇವರು ತಿರುಗಿಸಿಬಿಟ್ಟಿದ್ದಾರೆ. ಕಾರ್ಖಾನೆಯಲ್ಲಿ ಕಾವೇರಿದ ಯಂತ್ರವನ್ನು ನಿಲ್ಲಿಸುತ್ತಾರೆ. ಇಲ್ಲಿ ಅದಕ್ಕೆ ಬಹುಮಾನ ಕೊಡುತ್ತಾರೆ.”

ಕಲಿಯದವರಿಗೂ ಅದರಲ್ಲಿ ಒಂದು ಅನುಕೂಲವಿತ್ತು. ಒಂದು ಗುಂಡಿಯನ್ನು ಒತ್ತಿದರೆ ಕಠಿಣವಾದ ಪಟ್ಟುಗಳೆಲ್ಲ ಸುಲಭವಾಗುವ ‘ಸ್ಪೆಷಲ್ ಸ್ಟೈಲ್’. ಮೊಮ್ಮಗ ಅದನ್ನು ತಾತನಿಗೆ ತೋರಿಸಿಕೊಟ್ಟ. ಶನಿವಾರ ಭಾನುವಾರಗಳಲ್ಲಿ, ಸೊಸೆ ಗೊತ್ತುಮಾಡಿದ್ದ ಅರ್ಧ ಗಂಟೆಯ ಗಡುವಿನೊಳಗೆ, ತಾತನೂ ಮೊಮ್ಮಗನೂ, ಬಳಿಕ ತಂದೆಯೂ ಮಗನೂ ಕಾದಾಡಿದರು. ಮಗನು ಆಡಿದ್ದು ಜಿನ್ ಆಗಿ. 1999ರಲ್ಲಿಯೂ ಅವನ ಆಳು ಜಿನ್ನನೇ. ಮೊಮ್ಮಗ ತಾತನನ್ನು ಕರುಣೆಯಿಲ್ಲದೆ ಸೋಲಿಸಿದ. ಆದರೆ ಅಚ್ಚರಿಯೆಂದರೆ, ಮಗನ ಮೇಲೆ ರಾಯರು ಗೆಲ್ಲತೊಡಗಿದರು! ಮೂರು ಸುತ್ತು ಗೆದ್ದವನಿಗೆ ಜಯ. ಇಬ್ಬರೂ ಎರಡೆರಡು ಗೆದ್ದು, ಕೊನೆಯ ಸುತ್ತಿನಲ್ಲಿ, ಇಬ್ಬರ ಶಕ್ತಿಯೂ ಕೂದಲೆಳೆಯಷ್ಟು ಉಳಿದಿರುವಾಗ, ಅಸುಸೆನಾಳ ಕಾಲು ಜಿನ್ನನ ಮೋರೆಗೆ ತಗುಲುತ್ತಿತ್ತು. ರಾಯರು ಎದ್ದು ನಿಂತು ಪಂಚೆಯನ್ನು ಬಿಗಿದುಕೊಳ್ಳುತ್ತಿದ್ದರು. “ನೋಡಿದೆಯಾ? ಕಣ್ಣು ಮಂಜಾದರೂ ಕೈ ಮಂಜಾಗಿಲ್ಲ,” ಎಂದು ಪತ್ನಿಗೆ ಹೇಳಿದರು. “ಸದ್ಯ, ಬಿ.ಪಿ. ಮಾತ್ರೆ ನುಂಗಿ ಆಡಿ,” ಎಂದರು ಆಕೆ.

ಸೋಮವಾರ ಬಂದಿತು. ಮೊಮ್ಮಗ ಶಾಲೆಗೆ ಹೊರಡುವ ಮುನ್ನ, “ತಾತ, ನಾನಿಲ್ಲದಾಗ ಅಪ್ಪನ ದೆವ್ವದ ಜೊತೆ ಆಡಿ,” ಎಂದ.

“ಬಿಡ್ತು ಅನ್ನು!” ಎಂದು ಅಜ್ಜಿ ಅಡಿಗೆಮನೆಯಿಂದ ಓಡಿಬಂದರು.

ಸೊಸೆ ನಗುತ್ತ ಬಿಡಿಸಿ ಹೇಳಿದಳು. ಈ ಆಟದಲ್ಲಿ ‘ಘೋಸ್ಟ್’ ಎಂಬುದೊಂದಿದೆ. ಆಟಗಾರನು ಆಡಿದಂತೆಲ್ಲ ಯಂತ್ರವು ಅವನ ಅಭ್ಯಾಸಗಳನ್ನು ಗಮನಿಸಿ ಕಲಿಯುತ್ತದೆ. ಯಾವಾಗ ಮುನ್ನುಗ್ಗುತ್ತಾನೆ, ಯಾವಾಗ ಹಿಂದೆ ಸರಿಯುತ್ತಾನೆ, ಯಾವ ಪೆಟ್ಟಿನ ನಂತರ ಯಾವ ಪೆಟ್ಟು. ಬಳಿಕ ಅವನಿಲ್ಲದಾಗಲೂ ಅವನಂತೆಯೇ ಆಡುವ ನೆರಳೊಂದನ್ನು ಎದುರಿಗೆ ನಿಲ್ಲಿಸುತ್ತದೆ. ಮಗ ಮೂರು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ದೂರದೂರದ ಅಪರಿಚಿತರೊಡನೆ ಆಡಿ ತನ್ನ ನೆರಳನ್ನು ಚೆನ್ನಾಗಿ ಸಾಕಿದ್ದ.

ಮಗ ತನ್ನ ಕೋಣೆಯ ಬಾಗಿಲು ಮುಚ್ಚಿ ಕಚೇರಿಯ ಕೆಲಸಕ್ಕೆ ಕುಳಿತ. ಸೊಸೆ ನೆರಳನ್ನು ಎಬ್ಬಿಸಿಕೊಟ್ಟು ತನ್ನ ಕೆಲಸಕ್ಕೆ ಹೋದಳು. ರಾಯರು ಗೆದ್ದೇ ಗೆಲ್ಲುವೆನೆಂಬ ಧೈರ್ಯದಿಂದ ಕುಳಿತರು. ಮೊದಲ ಸುತ್ತು ಮುಗಿಯಲು ಹದಿನೈದು ಸೆಕೆಂಡೂ ಹಿಡಿಯಲಿಲ್ಲ. ಎರಡನೆಯದೂ ಹಾಗೆಯೇ. ಮೂರನೆಯದರಲ್ಲಿ ಅಸುಸೆನಾ ಒಂದು ಪೆಟ್ಟನ್ನೂ ಹೊಡೆಯದೆ ನೆಲಕ್ಕೊರಗಿದಳು. ರಾಯರು ಮತ್ತೆ ಆಡಿದರು. ಹತ್ತು ಸಲ ಆಡಿದರು. ಹತ್ತು ಸಲವೂ ನೆರಳು ಅವರ ಹೊಡೆತಕ್ಕೆ ಮುನ್ನವೇ ಪಕ್ಕಕ್ಕೆ ಸರಿದು, ಗಾಳಿಗೆ ಎಸೆದ ಅವರ ಕಾಲನ್ನು ಶಿಕ್ಷಿಸಿತು.

ರಾಯರು ಕಂಟ್ರೋಲರನ್ನು ಕೆಳಗಿಟ್ಟು ಯೋಚಿಸಿದರು. ಒಂದೇ ಯಂತ್ರದಿಂದ, ಒಂದೇ ದಿನ ಬಂದ ಎರಡು ಬಿಡಿಭಾಗಗಳ ಅಳತೆ ಇಷ್ಟು ಬೇರೆಯಾಗಿದ್ದರೆ ತಪ್ಪು ಯಂತ್ರದ್ದಲ್ಲ. ನಡುವೆ ಯಾರೋ ಕೈಯಿಟ್ಟಿದ್ದಾರೆಂದೇ ಅರ್ಥ. ಇದು ಮೂವತ್ತು ವರ್ಷಗಳ ತಪಾಸಣೆಯ ಪಾಠ. ನೆರಳಿಗೆ ದಾಕ್ಷಿಣ್ಯ ಗೊತ್ತಿಲ್ಲ. ಅದು ಕಲಿತದ್ದು ಅಪರಿಚಿತರ ಎದುರಿನ ಆಟವನ್ನು. ಹಾಗಾದರೆ ಶನಿವಾರ ಭಾನುವಾರಗಳಲ್ಲಿ ತಮ್ಮೆದುರು ಕೂತವನು? ಪ್ರತಿಸಲವೂ ಕೊನೆಯ ಸುತ್ತಿನವರೆಗೆ ತಂದು, ಪ್ರತಿಸಲವೂ ಕೂದಲೆಳೆಯಷ್ಟನ್ನೇ ಉಳಿಸಿ, ಪ್ರತಿಸಲವೂ ತಂದೆಯ ಕಾಲಿಗೆ ತಾನಾಗಿ ಮುಖವೊಡ್ಡಿದವನು? ಅಷ್ಟು ಕರಾರುವಾಕ್ಕಾಗಿ ಸೋಲುವುದು ಗೆಲ್ಲುವುದಕ್ಕಿಂತ ಸೂಕ್ಷ್ಮವಾದ ಕೆಲಸ.

ಎಲ್ಲರ ಮೇಲೆ ಗೆಲುವನ್ನು ಬಯಸು, ಮಗನಿಂದ ಸೋಲನ್ನು ಬಯಸು ಎಂದು ಹಿರಿಯರು ಹೇಳುವುದುಂಟು. ಮಗನು ತಂದೆಗೆ ಸೋತುಕೊಡುವ ಬಗೆಗೆ ಅವರು ಏನೂ ಹೇಳಿದಂತಿಲ್ಲ. ರಾಯರು ಬಹಳ ಹೊತ್ತು, ಗುಂಡಿ ಒತ್ತದೆ, ನೆರಳನ್ನು ನೋಡುತ್ತ ಕುಳಿತರು. ಆಡಿಸುವವರಿಲ್ಲದ ಅಸುಸೆನಾ ನಿಂತು ಪೆಟ್ಟು ತಿನ್ನುತ್ತಿದ್ದಳು.

ಸಂಜೆ ಮಗ ಕೋಣೆಯಿಂದ ಹೊರಬಂದಾಗ ರಾಯರು ಎರಡು ಕಂಟ್ರೋಲರುಗಳನ್ನೂ ಸಿದ್ಧವಾಗಿಟ್ಟಿದ್ದರು.

“ಒಂದು ಆಟ ಆಡೋಣ ಬಾ. ಆದರೆ ನಿನ್ನ ದೆವ್ವ ಆಡುವ ಹಾಗೆ ಆಡಬೇಕು.”

ಮಗನಿಗೆ ತಿಳಿಯಿತು. ಅವನ ಕಿವಿ ಕೆಂಪಾಯಿತು. “ಅಪ್ಪ, ಅದು...”

“ಕುಳಿತುಕೋ.”

ಆಟ ಮುಗಿಯಲು ಒಂದು ನಿಮಿಷ ಬೇಕಾಯಿತು. ಮೂರು ಸುತ್ತು, ಮೂರೂ ಮಗನದು. ಕೊನೆಯ ಸುತ್ತಿನಲ್ಲಿ ರಾಯರು ಕಾವೇರಿಸಿಕೊಂಡು ಎರಡು ಪೆಟ್ಟು ಹಾಕಿದರು. ಮಗ ಎರಡನ್ನೂ ತಡೆದು, ಸರಿದು, ಮೂರನೆಯದಕ್ಕೆ ಅವಕಾಶ ಕೊಡದೆ ಮುಗಿಸಿದ. ಎಷ್ಟು ಚೊಕ್ಕಟವಾಗಿ ಮುಗಿಸಿದನೆಂದರೆ ಒಳ್ಳೆಯ ಕೆಲಸಗಾರನ ಕೈಚಳಕವನ್ನು ಕಂಡಾಗ ಕಾರ್ಖಾನೆಯಲ್ಲಿ ಹೇಳುತ್ತಿದ್ದಂತೆಯೇ ರಾಯರು, “ಭೇಷ್!” ಎಂದುಬಿಟ್ಟರು. ಆ ಮಾತನ್ನು ಮಗ ತನ್ನ ಪರೀಕ್ಷೆಗಳ ಫಲಿತಾಂಶ ಬಂದಾಗಲೂ ಕೇಳಿರಲಿಲ್ಲ.

ರಾಯರ ಪತ್ನಿ ಎರಡು ಲೋಟ ಕಾಫಿ ತಂದಿಟ್ಟು ಹೋದರು. ಸ್ವಲ್ಪ ಹೊತ್ತು ಇಬ್ಬರೂ ಪರದೆಯನ್ನೇ ನೋಡುತ್ತಿದ್ದರು.

“ಆ ಅಂಗಡಿ ಈಗಲೂ ಇದೆಯೇನೋ?” ಎಂದರು ರಾಯರು.

ಯಾವ ಅಂಗಡಿಯೆಂದು ಮಗ ಕೇಳಲಿಲ್ಲ. “ಇಲ್ಲ ಅಪ್ಪ. ಈಗ ಅಲ್ಲಿ ಔಷಧಿ ಅಂಗಡಿ.”

ರಾಯರು ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎರಡು ಸಲ ಸುರಿದರು. ಅದು ಆಗಲೇ ಆರಿತ್ತು.

“ಆವತ್ತು ಆ ಒಂದು ಸುತ್ತು ಮುಗಿಯುವವರೆಗಾದರೂ ನಾನು ಹೊರಗೆ ನಿಂತು ಕಾಯಬಹುದಾಗಿತ್ತು ಕಣೋ.”

ಮಗ ತಂದೆಯ ಮುಖವನ್ನು ನೋಡಿದ. ಬಳಿಕ ಕಂಟ್ರೋಲರನ್ನು ಎತ್ತಿ ಅವರ ಕೈಗೆ ಕೊಟ್ಟು, ಪಕ್ಕಕ್ಕೆ ಸರಿದು ಕುಳಿತ.

“ಕಾದಿದ್ದರೂ ಅಷ್ಟೇ ಅಪ್ಪ,” ಎಂದ. “ಆ ಸುತ್ತಿನಲ್ಲಿ ನಾನು ಸೋಲುತ್ತಿದ್ದೆ.”